ಹಲ್ಲಿನ ವ್ಯಾನಿಗೆ ನೆಲ ಕೊಟ್ಟ ಮುನಿನಾರಾಯಣಪ್ಪ

ಕ್ಯಾಸಂಬಳ್ಳಿಯ ಶಾಲೆಯ ಬಯಲಿನಲ್ಲಿ ನಮ್ಮ ಹಲ್ಲಿನ ವ್ಯಾನು ನರಸಮ್ಮ ಎಂಬ ಹೆಂಗಸನ್ನು ಹೊಡೆದು ಕೆಡವಿತು. ೧೯೮೭ರ ಫೆಬ್ರವರಿ, ಬೆಳಗಿನ ಹತ್ತೂವರೆ ಗಂಟೆ. ಎರಡು ದಿನದಿಂದ ದವಡೆ ಊದಿಸಿಕೊಂಡಿದ್ದ ಆಕೆಯೇ ಸರತಿಯಲ್ಲಿ ಮೊದಲನೆಯವಳು. ಇಷ್ಟು ಬೆಳ್ಳಗಿರುವ ವ್ಯಾನಿಗೆ ಮಣ್ಣಿನ ಕಾಲಲ್ಲಿ ಹತ್ತಬಾರದೆಂದು ಬೋರಿಂಗಿನ ಹತ್ತಿರ ಹೋಗಿ ಕಾಲು ತೊಳೆದುಕೊಂಡು ಬಂದಳು. ಒದ್ದೆ ಕಾಲು ಇನ್ನೂ ನೆಲದ ಮೇಲಿರುವಾಗಲೇ ಬಾಗಿಲ ಪಕ್ಕದ ಕಬ್ಬಿಣದ ಹಿಡಿಗೆ ಕೈಹಾಕಿದಳು. "ಅಮ್ಮೋ" ಎಂದದ್ದಷ್ಟೇ ಕೇಳಿಸಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಆಕೆ ಅಂಗಾತ ಬಿದ್ದಿದ್ದಳು.

ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಆದರೆ ಸಾಲಿನಲ್ಲಿದ್ದ ನಲವತ್ತು ಜನ ಶಾಲೆಯ ಗೋಡೆಯವರೆಗೆ ಓಡಿಹೋಗಿ ಅಲ್ಲಿಂದ ನಮ್ಮನ್ನು ನೋಡುತ್ತ ನಿಂತರು. ಅಲ್ಲಿ ಯಾರೋ, "ವ್ಯಾನು ಕಚ್ತದೆ" ಎಂದರು. ಮಧ್ಯಾಹ್ನದ ಹೊತ್ತಿಗೆ ಆ ಮಾತು ಬಂಗಾರಪೇಟೆಯ ಬಸ್ಸಿನಲ್ಲೂ ಓಡಾಡುತ್ತಿತ್ತು.

ನಾನು ಆ ವ್ಯಾನಿನ ನರ್ಸು. ಧಾರವಾಡದ ಕಡೆಯವಳು. ಗಂಡನಿಗೆ ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಅಲ್ಲಿನ ಊರಿಗಾಂ ಬಡಾವಣೆಗೆ ಬಂದು ಮನೆ ಮಾಡಿದ್ದೆ. ಕೋಲಾರದ ಒಂದು ಧರ್ಮಾರ್ಥ ಆಸ್ಪತ್ರೆಯವರು ಹಳೆಯ ಮಿನಿಬಸ್ಸೊಂದರ ಸೀಟು ಕಿತ್ತು ಅದನ್ನು ಪುಟ್ಟ ಮನೆಯ ಹಾಗೆ ಮಾಡಿದ್ದರು. ಮಲಗಲು ಎರಡು ಬೆಂಚು, ಕೈ ತೊಳೆಯುವ ತೊಟ್ಟಿ, ಫ್ಯಾನು, ಟ್ಯೂಬ್‌ಲೈಟು, ನಡುವೆ ಹಲ್ಲು ನೋಡುವ ಕುರ್ಚಿ. ಹಲ್ಲು ಕೊರೆಯುವ ಮೋಟಾರು, ಇಕ್ಕಳ ಸೂಜಿಗಳನ್ನು ಕುದಿಸುವ ಕರೆಂಟಿನ ಡಬ್ಬಿ, ಎಲ್ಲಕ್ಕೂ ವಿದ್ಯುತ್ತು ಬೇಕು. ಹಳ್ಳಿಗಳಲ್ಲಿ ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಇಬ್ಬರು ಎತ್ತಬಹುದಾದ ಒಂದು ಸೀಮೆಎಣ್ಣೆ ಜನರೇಟರು ಜೊತೆಗಿತ್ತು. ಡಾಕ್ಟರಮ್ಮ, ನಾನು, ಡ್ರೈವರ್ ವೆಂಕಟೇಶಪ್ಪ, ಮೂವರೇ ಸಿಬ್ಬಂದಿ. ವೆಂಕಟೇಶಪ್ಪ ಬಂಗಾರಪೇಟೆಯವನು, ಇಪ್ಪತ್ನಾಲ್ಕು ವರ್ಷ, ವೈರ್‌ಮನ್ ಪರೀಕ್ಷೆ ಪಾಸು ಮಾಡಿದ್ದ. ಜನರೇಟರೂ ಅವನದೇ ಜವಾಬ್ದಾರಿ.

ನರಸಮ್ಮನ ಮೊಣಕೈಗೆ ನಾನು ಪಟ್ಟಿ ಕಟ್ಟುತ್ತಿದ್ದಾಗ ಗೋಡೆಯ ಕಡೆಯಿಂದ ಒಬ್ಬರೇ ಒಬ್ಬರು ನಮ್ಮತ್ತ ನಡೆದು ಬಂದರು. ಅರವತ್ತರ ಹತ್ತಿರದ ವಯಸ್ಸು, ಒಣಗಿದ ಮೈ, ಮಾಸಿದ ಖಾಕಿ ಚಡ್ಡಿ, ಹೆಗಲ ಮೇಲೆ ಟವೆಲ್ಲು. ವ್ಯಾನಿನಿಂದ ಎರಡು ಮಾರು ದೂರದಲ್ಲಿ ನಿಂತು, ಯಾರನ್ನೂ ಕೇಳದೆ, "ಎಂಜಿನ್ ನಿಲ್ಸಪ್ಪಾ ಮೊದ್ಲು" ಎಂದರು. ದನಿ ಜೋರಾಗಿರಲಿಲ್ಲ. ಆದರೂ ವೆಂಕಟೇಶಪ್ಪನ ಕೈ ತಾನಾಗಿ ಹೋಗಿ ಜನರೇಟರನ್ನು ನಿಲ್ಲಿಸಿತು.

ಅವರೇ ಮುನಿನಾರಾಯಣಪ್ಪ. ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿಯ ರಾಗಿ ಬೆಳೆಯುವ ಮನೆತನದವರು. ಇಪ್ಪತ್ತನೇ ವಯಸ್ಸಿಗೆ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಎಲೆಕ್ಟ್ರಿಕ್ ಡಿಪಾರ್ಟ್‌ಮೆಂಟಿಗೆ ಹೆಲ್ಪರಾಗಿ ಸೇರಿ, ಮೂವತ್ತೆಂಟು ವರ್ಷ ನೆಲದೊಳಗಿನ ನೀರೆತ್ತುವ ಪಂಪುಗಳ ಹತ್ತಿರ ದುಡಿದು, ಹಿಂದಿನ ವರ್ಷವಷ್ಟೇ ರಿಟೈರಾಗಿದ್ದರು. ಸೇರಿದಾಗಲೂ ಹೆಲ್ಪರು, ಬಿಡುವಾಗಲೂ ಹೆಲ್ಪರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಅದಕ್ಕಿಂತ ಮೇಲಿನ ಪರೀಕ್ಷೆಗೆ ಕೂರುವ ದಾರಿ ಇರಲಿಲ್ಲ.

"ವ್ಯಾನಿಗೆ ಅರ್ತ್ ಎಲ್ ಕೊಟ್ಟಿದ್ದೀಯಪ್ಪಾ?" ಎಂದು ಕೇಳಿದರು. ಅರ್ತ್ ಎಂದರೆ ತಗಡನ್ನು ನೆಲಕ್ಕೆ ಸೇರಿಸುವ ತಂತಿ.

ವೆಂಕಟೇಶಪ್ಪ ನಕ್ಕ. "ರಬ್ಬರ್ ಟಯರ್ ಮೇಲೆ ನಿಂತೈತಲ್ಲ ಯಜಮಾನ್ರೇ, ಅರ್ತ್ ಯಾಕೆ?"

"ರಬ್ಬರ್ ಮೇಲೆ ನಿಂತಿರೋದೇ ಕಣಪ್ಪಾ ತೊಂದ್ರೆ. ಒಳಗೆ ಎಲ್ಲೋ ಕರೆಂಟು ತಗಡಿಗೆ ಸೋರ್ತಾ ಐತೆ. ಓಗಾಕೆ ದಾರಿ ಇಲ್ದೆ ಕಾದ್ಕಂಡ್ ಕೂತೈತೆ. ಆಯಮ್ಮ ಒದ್ದೆ ಕಾಲಲ್ಲಿ ಇಡ್ಕಂಡ್ಳು, ಆಯಮ್ಮನ ಮೈಯೇ ದಾರಿ ಆಯ್ತು."

"ಸಣ್ಣ ಶಾಕು ಬಿಡಿ. ಜುಮ್ ಅಂತದೆ ಅಷ್ಟೇ. ನಂಗೂ ಎರಡು ಸಲ ಒಡ್ದೈತೆ."

ಮುನಿನಾರಾಯಣಪ್ಪನವರ ಮುಖ ಬದಲಾದದ್ದನ್ನು ನಾನು ನೋಡಿದೆ. ಗೋಡೆಯ ಕಡೆ ತಿರುಗಿ, "ಬಚ್ಚಾ, ಬಾರ್ಲಾ ಇಲ್ಲಿ" ಎಂದು ಕರೆದರು. ಅವರದೇ ಮುಖದ, ಸ್ವಲ್ಪ ಕುಳ್ಳಗಿನ ಒಬ್ಬರು ಹಿಂದೆಮುಂದೆ ನೋಡುತ್ತ ಬಂದರು. ಅವರ ತಮ್ಮ ಬಚ್ಚಪ್ಪ. ಅವರೂ ಹಲ್ಲುನೋವಿಗೇ ಬಂದಿದ್ದವರು. ಅಣ್ಣ ತಮ್ಮನ ಬಲಗೈ ಹಿಡಿದು ವೆಂಕಟೇಶಪ್ಪನ ಮುಂದೆ ಎತ್ತಿದರು. ಅಂಗೈ ನಡುವೆ ಸುಟ್ಟ ಹಳೆಯ ಕಲೆ. ನಾಲ್ಕು ಬೆರಳು ಒಳಕ್ಕೆ ಮಡಚಿಕೊಂಡು ಹಾಗೆಯೇ ನಿಂತುಬಿಟ್ಟಿದ್ದವು.

"ಇದೂ ಒಂದ್ ಶಾಕೇ ಅಪ್ಪಾ. ಅರವತ್ತಾರನೇ ಇಸ್ವಿ. ನಮ್ ಬಾವಿಗೆ ಮೋಟ್ರು ಕೂರ್ಸಿದ್ದು ನಾನೇ, ಸ್ಟಾರ್ಟ್ರು ಕಟ್ಟಿದ್ದೂ ನಾನೇ. ಅರ್ತ್ ತಂತಿ ಒಂದ್ ಮಾರು ಸಾಲ್ದೇ ಓಯ್ತು. ಮುಂದಿನ್ ಭಾನ್ವಾರ ಆಕ್ತೀನಿ ಅಂತ ಡ್ಯೂಟಿಗೆ ಓದೆ. ಗುರುವಾರ ಇವ್ನು ಪೈರಿಗೆ ನೀರ್ ಕಟ್ಟಿ ಒದ್ದೆ ಕೈಲಿ ಸ್ಟಾರ್ಟ್ರು ಮುಟ್ದ. ಕೈ ಕಚ್ಕಂಡ್ಬುಡ್ತು. ಇವ್ನ ಎಂಡ್ತಿ ದ್ಯಾವಮ್ಮ ಒನಕೆ ತಕ್ಕಂಡು ಕೈಗೆ ಒಡ್ದು ಬಿಡ್ಸಿದ್ಕೆ ಪ್ರಾಣ ಉಳೀತು."

ಬಚ್ಚಪ್ಪ ಮೆಲ್ಲಗೆ ಕೈ ಎಳೆದುಕೊಂಡು, "ಅದೆಲ್ಲಾ ಈಗ್ಯಾಕಣ್ಣಾ" ಎಂದರು.

ವೆಂಕಟೇಶಪ್ಪ ತಲೆ ತಗ್ಗಿಸಿದ. ಡಾಕ್ಟರಮ್ಮ ಅಷ್ಟರಲ್ಲಿ ಕೆಳಗಿಳಿದು ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ವ್ಯಾನನ್ನು ವಾಪಸ್ ಒಯ್ದು ರಿಪೇರಿಗೆ ಬಿಡೋಣವೆಂದರು. ಅದಕ್ಕೆ ತಿಂಗಳು ಹಿಡಿಯುತ್ತಿತ್ತು. ಮುನಿನಾರಾಯಣಪ್ಪ ಕಾಲಡಿಯ ನೆಲವನ್ನು ತುಳಿದು ನೋಡಿದರು. "ಒಂದ್ ದಿನ ಕೊಡಿ ಡಾಕ್ಟ್ರಮ್ಮ. ನಾಳೆ ಬೆಳಿಗ್ಗೆ ನೋಡಿ ನೀವೇ ಏಳಿ, ಇರೋದೋ ಓಗೋದೋ ಅಂತ."

ಮಧ್ಯಾಹ್ನ ಊಟ ಮುಗಿದ ಮೇಲೆ ಮನೆಯಿಂದ ಒಂದು ಗೋಣಿಚೀಲ ಹೊತ್ತು ತಂದರು. ಅದರಲ್ಲಿ ಸುತ್ತಿಗೆ, ಆರಡಿಯ ಒಂದು ಕಬ್ಬಿಣದ ಪೈಪು, ಪೆನ್ಸಿಲ್ ದಪ್ಪದ ತಾಮ್ರದ ತಂತಿಯ ಸುರುಳಿ, ನಟ್ಟು ಬೋಲ್ಟು ಇದ್ದವು. ಹೋಲ್ಡರಿನಲ್ಲಿ ಕೂರಿಸಿ ಎರಡು ಉದ್ದ ವಯರು ಬಿಟ್ಟಿದ್ದ ಒಂದು ಬಲ್ಬೂ ಇತ್ತು. ಆ ಬಲ್ಬನ್ನು ಮಾತ್ರ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದರು.

ವೆಂಕಟೇಶಪ್ಪನಿಗೆ ತನ್ನ ತಪ್ಪು ಸರಿಮಾಡುವ ಆತುರ. ಪೈಪು ಎತ್ತಿಕೊಂಡು ವ್ಯಾನಿನ ಪಕ್ಕದಲ್ಲೇ ಹೊಡೆಯಲು ಶುರುಮಾಡಿದ. ಒಂದಡಿ ಹೋದ ಮೇಲೆ ಟಣ್ ಎಂದಿತು. ಬಂಡೆ. ಇನ್ನೆರಡು ಮಾರು ಆಚೆ ಹೊಡೆದ. ಅಲ್ಲೂ ಬಂಡೆ. ಮುನಿನಾರಾಯಣಪ್ಪ ಅವನನ್ನು ತಡೆಯದೆ ಬಯಲು ಸುತ್ತಿಬಂದು, ಬೋರಿಂಗಿನ ನೀರು ಹರಿದು ನಿಲ್ಲುವ ಕಡೆ ಹುಲ್ಲು ಹಸಿರಾಗಿದ್ದ ಜಾಗ ತೋರಿಸಿದರು. "ದಿನಾ ಎಂಗಸ್ರು ಬಟ್ಟೆ ಒಗೆಯೋ ನೀರು. ಇಲ್ಲಿ ನೆಲ ಯಾವತ್ತೂ ಒಣಗಾಕಿಲ್ಲ. ಒಣ ನೆಲಕ್ಕೆ ಪೈಪ್ ಒಡ್ದ್ರೆ ಗೋಡೆಗೆ ಮೊಳೆ ಒಡ್ದಂಗೆ, ಕರೆಂಟ್ಗೆ ಉಪ್ಯೋಗಿಲ್ಲ." ಅಲ್ಲಿ ಪೈಪು ಐದೂವರೆ ಅಡಿ ಇಳಿಯಿತು. ವ್ಯಾನನ್ನೂ ಜನರೇಟರನ್ನೂ ಆ ಕಡೆಗೆ ತಂದು ನಿಲ್ಲಿಸಿದೆವು. ವೆಂಕಟೇಶಪ್ಪ ಪೈಪಿನಿಂದ ವ್ಯಾನಿನ ಅಡಿಯ ಚಾಸಿಗೆ ತಂತಿ ಎಳೆದು ಬಿಗಿದು, ಬೆವರು ಒರೆಸಿಕೊಂಡು, "ಆಯ್ತಲ್ಲ ತಾತಾ?" ಎಂದ. ಬೆಳಿಗ್ಗೆಯ ಯಜಮಾನರು ಅಷ್ಟರಲ್ಲಿ ಅವನಿಗೆ ತಾತನಾಗಿದ್ದರು.

"ಆಯ್ತೋ ಇಲ್ವೋ ಇದು ಏಳ್ತದೆ" ಎಂದು ಮುನಿನಾರಾಯಣಪ್ಪ ಬಲ್ಬು ಹೊರತೆಗೆದರು. ಬಾಗಿಲ ಹಿಡಿಯ ಬಣ್ಣವನ್ನು ಚಾಕುವಿನಲ್ಲಿ ಕೆರೆದು ಒಂದು ವಯರನ್ನು ಅಲ್ಲಿಗೆ ಕಟ್ಟಿದರು. ಇನ್ನೊಂದನ್ನು ಜನರೇಟರಿನ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿದರು. ನಮ್ಮನ್ನೆಲ್ಲ ದೂರ ನಿಲ್ಲಿಸಿ, "ಈಗ ಎಂಜಿನ್ ಆಕು" ಎಂದರು. ಒಳಗಿನ ಎಲ್ಲ ಸ್ವಿಚ್ಚುಗಳೂ ಹಾಕಿಯೇ ಇದ್ದವು. ಎಂಜಿನ್ ಹತ್ತಿಕೊಂಡಿತು.

ಬಲ್ಬು ಹತ್ತಿತು. ಹಾಡಹಗಲಲ್ಲಿ, ಯಾವ ಸ್ವಿಚ್ಚೂ ಇಲ್ಲದೆ, ವ್ಯಾನಿನ ತಗಡಿನಿಂದಲೇ. ನರಸಮ್ಮ ಹಿಡಿದ ಹಿಡಿಯಲ್ಲಿ ಅಷ್ಟು ಕರೆಂಟು ಕೂತಿತ್ತು. ನೆಲಕ್ಕೆ ಪೈಪು ಹೊಡೆದ ಮೇಲೂ ಕೂತಿತ್ತು. ಬೆಳಗಿನಿಂದ ನಾನು ಎಷ್ಟು ಸಲ ಅದೇ ಹಿಡಿ ಹಿಡಿದು ಇಳಿದು ಹತ್ತಿದ್ದೆನೋ! ಒಣ ರಬ್ಬರ್ ಚಪ್ಪಲಿ ನನ್ನನ್ನು ಕಾದಿತ್ತು.

ಎಂಜಿನ್ ನಿಲ್ಲಿಸಿ ಅವರು ವೆಂಕಟೇಶಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಿಂದೊಮ್ಮೆ ಯಾರೋ ಅವರಿಗೆ ಹೀಗೆಯೇ ಹೇಳಿಕೊಟ್ಟಿರಬೇಕು, ಅಷ್ಟು ನಿಧಾನವಾಗಿ ಹೇಳಿದರು. "ಪೈಪು ಬೇಕು, ಆದ್ರೆ ಪೈಪೊಂದೇ ಸಾಲ್ದು ಮಗಾ. ಕರೆಂಟು ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಓಗ್ಬೇಕು ಅಂತದೆ. ಅದ್ರ ಮನೆ ಜನ್ರೇಟ್ರು. ಮಣ್ಣಲ್ಲಿ ತೆವಳ್ಕಂಡು ಓಗೋವಾಗ ಕರೆಂಟು ಬಡವಾಗ್ತದೆ, ಫ್ಯೂಸ್ ಸುಡೋ ಅಷ್ಟು ಜೋರಿರಾಕಿಲ್ಲ. ಫ್ಯೂಸ್ ಸುಡ್ದೆ ಇದ್ರೆ ತಪ್ಪು ಅಂಗೇ ಉಳೀತದೆ, ನಿಂಗೆ ಗೊತ್ತೂ ಆಗಾಕಿಲ್ಲ. ನೀನು ವ್ಯಾನಿಗೆ ಕೊಟ್ಟಿರೋ ಕೇಬಲ್ನಾಗೆ ಎರ್ಡೇ ವಯರು. ವ್ಯಾನಿನ ತಗಡಿಂದ ಜನ್ರೇಟ್ರ ಮೈಗೆ ದಪ್ಪ ತಾಮ್ರ ಒಂದು ಬೇಕು. ಮೂರನೇದು. ಆವಾಗ ಸೋರಿದ್ ಕರೆಂಟು ಸೀದಾ ಮನೆಗೆ ನುಗ್ತದೆ, ಫ್ಯೂಸ್ ಟಪ್ ಅಂತದೆ, ಮನ್ಸ ಉಳ್ಕಂತಾನೆ."

ಆ ಜನರೇಟರಿನ ಒಳಗೆ, ಕರೆಂಟು ವಾಪಸ್ ಬರುವ ನ್ಯೂಟ್ರಲ್ ತಂತಿ ಅದರ ಚೌಕಟ್ಟಿಗೆ ಸೇರಿದೆಯೇ ಎಂಬುದನ್ನೂ ಮುಚ್ಚಳ ಬಿಚ್ಚಿ ನೋಡಿದರು. ಸೇರಿತ್ತು. ಸೇರಿಲ್ಲದ ಮಾದರಿಗಳೂ ಇರುತ್ತವೆ, ನೋಡದೆ ನಂಬಬಾರದೆಂದರು. ವ್ಯಾನಿನ ಚಾಸಿಯಿಂದ ಜನರೇಟರಿನ ಚೌಕಟ್ಟಿಗೆ, ಅಲ್ಲಿಂದ ಪೈಪಿಗೆ ಒಂದೇ ಅಖಂಡ ತಾಮ್ರದ ತಂತಿ ಬಿಗಿದರು. ಬಣ್ಣ ಕೆರೆದರು, ತುಕ್ಕು ಉಜ್ಜಿದರು, ಪ್ರತಿ ಬೋಲ್ಟನ್ನೂ ಎಳೆದು ನೋಡಿದರು.

ಮತ್ತೆ ಎಂಜಿನ್ ಹಾಕಿಸಿದರು. ಟಪ್! ಫ್ಯೂಸ್ ಹೋಯಿತು. ಫ್ಯಾನು, ಲೈಟು ಎಲ್ಲವೂ ನಿಂತವು. ಗೋಡೆಯ ಹತ್ತಿರದಿಂದ ನೋಡುತ್ತಿದ್ದವರು "ಅಯ್ಯೋ, ಕೆಟ್ಟೋಯ್ತು" ಎಂದರು. ಮುನಿನಾರಾಯಣಪ್ಪ ಮಾತ್ರ ಆ ದಿನ ಮೊದಲ ಸಲ ನಕ್ಕರು. "ಫ್ಯೂಸ್ ಓಯ್ತಲ್ಲಾ, ಇದೇ ನಂಗೆ ಬೇಕಾಗಿದ್ದು."

ಆಮೇಲೆ ಒಂದೊಂದೇ ಉಪಕರಣ ಕಳಚಿ, ಫ್ಯೂಸ್ ಹಾಕಿ, ಎಂಜಿನ್ ಹಾಕಿ ನೋಡುತ್ತ ಬಂದರು. ಫ್ಯಾನು ಕಳಚಿದರೂ ಫ್ಯೂಸ್ ಹೋಯಿತು. ಮೋಟಾರು ಕಳಚಿದರೂ ಹೋಯಿತು. ಇಕ್ಕಳ ಕುದಿಸುವ ಡಬ್ಬಿಯನ್ನು ಕಳಚಿದಾಗ ಫ್ಯೂಸ್ ನಿಂತಿತು. ಡಬ್ಬಿಯ ಅಡಿಯಲ್ಲಿ ನೀರು ಕಾಯಿಸುವ ತಂತಿಸುರುಳಿ, ಅದರ ಕಾಯಿಲು, ಬಿರುಕು ಬಿಟ್ಟು ತಗಡಿಗೆ ಒರಗಿತ್ತು. ನಾನು ದಿನಾ ಕೈಯಾರೆ ತೊಳೆದಿಡುತ್ತಿದ್ದ ಡಬ್ಬಿ ಅದು. ಅದನ್ನು ಎತ್ತಿ ಹೊರಗಿಟ್ಟು, "ಇನ್ಮೇಲೆ ಸೌದೆ ಒಲೆ ಮೇಲೆ ಕುದ್ಸಿ ಸಿಸ್ಟರಮ್ಮ, ಒಸದು ಬರೋವರ್ಗೂ" ಎಂದರು.

ಕೊನೆಗೆ ಜನರೇಟರಿನ ಹೊಗೆ ಎತ್ತ ಹೋಗುತ್ತದೆಂದು ನೋಡಿದರು. ಅದು ವ್ಯಾನಿನ ಕಿಟಕಿಯ ಕಡೆಗಿತ್ತು. ಗಾಳಿ ನೋಡಿ ಜನರೇಟರನ್ನು ಹತ್ತು ಹೆಜ್ಜೆ ಆಚೆ ತಿರುಗಿಸಿ ಇಡಿಸಿದರು. "ಗಣಿ ಒಳಗೆ ಕೆಟ್ಟ ಗಾಳಿ ಕುಡ್ದು ತೂಕಡ್ಸಿದವ್ರು ಮತ್ತೆ ಏಳ್ಲಿಲ್ಲ. ಒಗೆ ಕಂಡ್ರೆ ನಂಗೆ ಬಯ" ಎಂದರು.

ಮರುದಿನ ಬೆಳಿಗ್ಗೆ ಜನ ಬಂದರು. ಆದರೆ ಯಾರೂ ವ್ಯಾನಿನ ಹತ್ತಿರ ಬರಲಿಲ್ಲ. ಹಲ್ಲುನೋವಿಗಿಂತ ವ್ಯಾನಿನ ಹೆದರಿಕೆ ದೊಡ್ಡದಾಗಿತ್ತು. ನಾನು ಕರೆದೆ, ಡಾಕ್ಟರಮ್ಮ ಕರೆದರು. "ನೀವ್ ಅತ್ತಿ, ನಾವ್ ನೋಡ್ತೀವಿ" ಎಂದು ಪಾಪಕ್ಕ ಎಂಬ ಮುದುಕಿ ಖಡಾಖಂಡಿತವಾಗಿ ಹೇಳಿದಳು.

ಮುನಿನಾರಾಯಣಪ್ಪ ಜನರೇಟರ್ ಹಾಕಿಸಿದರು. ಮೊದಲು ಬಲ್ಬಿನ ಎರಡು ವಯರನ್ನೂ ಎಲ್ಲರಿಗೂ ಕಾಣುವ ಹಾಗೆ ಹಿಡಿಗೂ ನೆಲಕ್ಕೂ, ಹಿಡಿಗೂ ಜನರೇಟರಿಗೂ ಮುಟ್ಟಿಸಿದರು. ಬಲ್ಬು ಹತ್ತಲಿಲ್ಲ. ಬಲ್ಬು ಸುಟ್ಟಿಲ್ಲವೆಂದು ತೋರಿಸಲು ವ್ಯಾನಿನ ಪ್ಲಗ್ಗಿಗೆ ಸಿಕ್ಕಿಸಿದರು, ಹತ್ತಿತು. ಆಮೇಲೆ ಚಪ್ಪಲಿ ಬಿಟ್ಟರು. ಒಂದು ಬಿಂದಿಗೆ ನೀರು ತರಿಸಿ ತಮ್ಮ ಕಾಲ ಮೇಲೆ ತಾವೇ ಸುರಿದುಕೊಂಡರು. ಕಾಲ ಕೆಳಗೆ ಕೆಸರಾಯಿತು. ಆ ಕೆಸರಲ್ಲಿ ನಿಂತು ಎರಡೂ ಕೈಯಲ್ಲಿ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಜನರ ಕಡೆ ಮುಖ ತಿರುಗಿಸಿ ನಿಂತರು.

ಎಂಜಿನ್ನಿನ ಸದ್ದು ಬಿಟ್ಟರೆ ಬಯಲಲ್ಲಿ ಬೇರೆ ಸದ್ದಿಲ್ಲ.

"ಬಚ್ಚಾ" ಎಂದರು ಅವರು.

ಬಚ್ಚಪ್ಪ ಅಂದಿಗೆ ಇಪ್ಪತ್ತೊಂದು ವರ್ಷದಿಂದ ಕರೆಂಟಿನ ಯಾವ ಸಾಮಾನನ್ನೂ ಮುಟ್ಟಿದವರಲ್ಲ. ಮನೆಯ ಸ್ವಿಚ್ಚನ್ನು ಕೋಲಿನಿಂದ ಒತ್ತುವವರು. ಗುಂಪಿನಿಂದ ಎರಡು ಹೆಜ್ಜೆ ಮುಂದೆ ಬಂದು ನಿಂತರು.

"ಅಣ್ಣಾ, ಗಟ್ಟಿಯಾಗ್ ಇಡ್ಕಂಡಿದ್ದೀಯಾ?"

"ಇಡ್ಕಂಡಿದ್ದೀನಿ ಕಣ್ಲಾ. ಬಾ."

"ಈ ಸಲ ತಂತಿ ಸಾಲ್ತಾ?"

"ಸಾಲ್ತು. ಒಂದ್ ಮಾರು ಮಿಕ್ಕೈತೆ."

ಬಚ್ಚಪ್ಪ ಬರಿಗಾಲಲ್ಲಿ ಅದೇ ಕೆಸರಿಗೆ ಇಳಿದರು. ಮಡಚಿದ ಬೆರಳಿನ ಬಲಗೈಯನ್ನೇ ಎತ್ತಿ ಅಣ್ಣನ ಕೈಗಳ ನಡುವೆ ಕಬ್ಬಿಣದ ಮೇಲೆ ಇಟ್ಟರು. ಕಣ್ಣು ಮುಚ್ಚಿದ್ದವರು ನಿಧಾನವಾಗಿ ತೆರೆದರು. "ತಣ್ಣಗೈತೆ" ಎಂದರು. ಅಷ್ಟೇ. ಮುನಿನಾರಾಯಣಪ್ಪ ತಮ್ಮನನ್ನು ತಾವೇ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದರು.

ಬಚ್ಚಪ್ಪನ ದವಡೆ ಹಲ್ಲು ಕೀಳಲು ಡಾಕ್ಟರಮ್ಮನಿಗೆ ಹತ್ತು ನಿಮಿಷ ಹಿಡಿಯಿತು. ಅವರು ಹತ್ತಿ ಕಚ್ಚಿಕೊಂಡು ಕೆಳಗಿಳಿದಾಗ ಸಾಲು ನಿಂತಿತ್ತು. ಮೊದಲನೆಯವಳು ಮತ್ತೆ ನರಸಮ್ಮನೇ. "ನೆನ್ನೆ ಸರತಿ ನಂದೇ ಅಲ್ವಾ?" ಎಂದು ಪಾಪಕ್ಕನನ್ನು ಹಿಂದೆ ಸರಿಸಿದಳು. ಆ ದಿನವೂ ಮರುದಿನವೂ ಸೇರಿ ನೂರ ಹನ್ನೆರಡು ಜನರ ಹಲ್ಲು ನೋಡಿದೆವು.

ಹೊರಡುವಾಗ ಡಾಕ್ಟರಮ್ಮ ಮುನಿನಾರಾಯಣಪ್ಪನವರನ್ನು ಕೇಳಿದ್ದು ಒಂದೇ ಮಾತು. "ನೀವಿಲ್ಲದೆ ಈ ವ್ಯಾನನ್ನು ಇನ್ನೊಂದು ಊರಿಗೆ ಒಯ್ಯಲು ನನಗೆ ಧೈರ್ಯ ಇಲ್ಲ. ನಮ್ಮ ಜೊತೆ ಬರುತ್ತೀರಾ?" ಅವರು ಟವೆಲ್ಲು ಕೊಡವಿ, "ರಾಗಿ ಕುಯ್ಲು ಮುಗ್ದೈತೆ. ಬತ್ತೀನಿ" ಎಂದರು. ಆ ಮಾತು ಆರು ವರ್ಷ ನಡೆಯಿತು.

ಅವರ ಜೊತೆಗಿನ ಮೊದಲ ದಿನಗಳಲ್ಲಿ ಅವರ ಮಾತು ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. "ಅಲ್ಲಿನ ವ್ಯಾನು" ಎಂದು ಅವರು ಅಂದರೆ ಎಲ್ಲಿನ ವ್ಯಾನು ಎಂದು ಕೇಳುತ್ತಿದ್ದೆ. "ಅಲ್ಲು ಸಿಸ್ಟರಮ್ಮ, ಅಲ್ಲು" ಎಂದು ಬಾಯಿ ತೆರೆದು ಬೆರಳಿಟ್ಟು ತೋರಿಸುತ್ತಿದ್ದರು. ಯಾವ ಊರಿಗೆ ಹೋದರೂ ವ್ಯಾನು ನಿಲ್ಲುವ ಮೊದಲು ಅವರು ಇಳಿದು ನೆಲ ನೋಡುವರು. ಎಲ್ಲಿ ಹಸಿ, ಎಲ್ಲಿ ಬಂಡೆ, ಗಾಳಿ ಎತ್ತ. ಪೈಪು ಇಳಿಯದೆ, ತಂತಿ ಬಿಗಿಯದೆ, ಬಲ್ಬು ಹಿಡಿಯದೆ ಎಂಜಿನ್ ಹಾಕಲು ಬಿಡುತ್ತಿರಲಿಲ್ಲ. ಒಮ್ಮೆ ಯಾವುದೋ ದೊಡ್ಡ ಅಧಿಕಾರಿ ಉದ್ಘಾಟನೆಗೆ ಬಂದು ಮುಕ್ಕಾಲು ಗಂಟೆ ಕಾಯಬೇಕಾಯಿತು. ಬೇಗ ಮಾಡಿ ಎಂದು ಅವರ ಜೊತೆಯವರು ಗದರಿದರು. ಮುನಿನಾರಾಯಣಪ್ಪ ಸುತ್ತಿಗೆ ನಿಲ್ಲಿಸದೆ, "ಮೊದ್ಲು ನೆಲ, ಆಮೇಲೆ ಎಂಜಿನ್ನು" ಎಂದರು. ಡಾಕ್ಟರಮ್ಮನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಮುಂದಿನ ತಿಂಗಳು ವ್ಯಾನಿಗೆ ಬಣ್ಣ ಹೊಡೆಸುವಾಗ ಬಾಗಿಲ ಒಳಮೈಯಲ್ಲಿ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿದರು.

೧೯೮೯ರಲ್ಲಿ ಆಸ್ಪತ್ರೆಯವರು ಇನ್ನೂ ನಾಲ್ಕು ವ್ಯಾನು ತಂದರು. ಬೆಂಗಳೂರಿನಿಂದ ಬಂದ ಎಂಜಿನಿಯರೊಬ್ಬರು ನಮ್ಮ ವ್ಯಾನನ್ನು ಮೀಟರು ಹಿಡಿದು ಅರ್ಧ ದಿನ ಪರೀಕ್ಷಿಸಿದರು. ತಗಡಿಗೆ ಸೋರಿದರೆ ತಾನಾಗಿ ಕರೆಂಟು ಕಡಿಯುವ ಹೊಸ ಸ್ವಿಚ್ಚೊಂದನ್ನು ಸೇರಿಸಿ, "ಇದು ಬಿಟ್ಟರೆ ನಾನು ಹೇಳಿಕೊಡುವುದು ಏನೂ ಉಳಿದಿಲ್ಲ. ಉಳಿದ ಡ್ರೈವರುಗಳಿಗೆ ಇವರೇ ಕಲಿಸಲಿ" ಎಂದರು. ಕೋಲಾರದ ಆಸ್ಪತ್ರೆಯ ಅಂಗಳದಲ್ಲಿ ಬದಲಿಯವರೂ ಸೇರಿ ಹನ್ನೊಂದು ಜನ ಡ್ರೈವರುಗಳು ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂತರು. ಕಪ್ಪು ಹಲಗೆ ಬೇಡವೆಂದು ಮುನಿನಾರಾಯಣಪ್ಪ ಎಲ್ಲರನ್ನೂ ಎಬ್ಬಿಸಿ ನೆಲ ತೋಡಿಸಿದರು. ಬಲ್ಬು ಹಿಡಿದು ನೋಡುವುದನ್ನು ಒಬ್ಬೊಬ್ಬರಿಂದಲೂ ಮಾಡಿಸಿದರು. ಕೊನೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು, ತಾವು ತಂತಿ ಒಂದು ಮಾರು ಸಾಲದೆ ತಮ್ಮನ ಕೈ ಕಳೆದ ಕಥೆಯನ್ನು ಏನೂ ಮುಚ್ಚಿಡದೆ ಹೇಳಿದರು. ಅಲ್ಲಿ ವೆಂಕಟೇಶಪ್ಪನೂ ಇದ್ದ. ಎರಡನೇ ಪಾಠ ಅವನೇ ಮಾಡಿದ.

ಆ ಆರು ವರ್ಷಗಳಲ್ಲಿ ಐದು ವ್ಯಾನುಗಳಲ್ಲಿ ಒಬ್ಬರಿಗೂ ಶಾಕ್ ಹೊಡೆಯಲಿಲ್ಲ. ಫ್ಯೂಸ್ ಹೋದದ್ದು ಎಷ್ಟೋ ಸಲ. ಪ್ರತಿ ಸಲ ಅವರು ಹಬ್ಬದ ಹಾಗೆ ಸಂತೋಷಪಡುತ್ತಿದ್ದರು.

೧೯೯೨ರ ಬೇಸಿಗೆಯಲ್ಲಿ ನಮ್ಮ ಕ್ಯಾಂಪು ಚಾಂಪಿಯನ್ ರೀಫ್ಸ್‌ಗೆ ಹೋಯಿತು. ಅವರು ಮೂವತ್ತೆಂಟು ವರ್ಷ ಇಳಿದು ಹತ್ತಿದ ಶಾಫ್ಟಿನಿಂದ ಕೂಗಳತೆ ದೂರದ ಮೈದಾನ. ಬಂದವರಲ್ಲಿ ಹೆಚ್ಚಿನವರು ಗಣಿಯ ಹಳೆಯ ಕೆಲಸಗಾರರು. ಮಧ್ಯಾಹ್ನ ಕೋಲೂರಿಕೊಂಡು ಬಹಳ ವಯಸ್ಸಾದ ಒಬ್ಬರು ಬಂದರು. ಮುನಿನಾರಾಯಣಪ್ಪ ತಟ್ಟನೆ ಎದ್ದು ಟವೆಲ್ಲು ಹೆಗಲಿನಿಂದ ತೆಗೆದರು. "ನಮ್ ಫೋರ್‌ಮನ್ ಸಾರ್" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆ ಹಿರಿಯರು ಇವರನ್ನು ಗುರುತಿಸಲಿಲ್ಲ. ವ್ಯಾನು ಹತ್ತಲು ಬಂದವರು ಹತ್ತದೆ, ತಂತಿಯ ಜಾಡು ಹಿಡಿದು ಚಾಸಿಯಿಂದ ಜನರೇಟರಿಗೆ, ಜನರೇಟರಿನಿಂದ ಪೈಪಿಗೆ ಮೆಲ್ಲನೆ ನಡೆದರು. ಪೈಪಿನ ಸುತ್ತ ಮಣ್ಣನ್ನು ಕೋಲಿನಿಂದ ಒತ್ತಿ ನೋಡಿದರು. ಹಸಿಯಾಗಿತ್ತು. ಬಗ್ಗಿ ಬೋಲ್ಟನ್ನು ಬೆರಳಲ್ಲಿ ತಿರುಗಿಸಲು ನೋಡಿದರು. ಅದು ಅಲುಗಲಿಲ್ಲ. ಸೊಂಟ ನೆಟ್ಟಗೆ ಮಾಡಿ ತಮಿಳಿನಲ್ಲಿ, "ಇದು ಯಾರ್ ವೇಲೈ?" ಎಂದು ಕೇಳಿದರು. ಯಾರ ಕೆಲಸ ಇದು ಎಂದು.

ಗಣಿಯಲ್ಲಿ ಆ ಪ್ರಶ್ನೆ ಬಂದಾಗಲೆಲ್ಲ ಉತ್ತರ ಕೊಟ್ಟಿದ್ದು ಬೇರೆಯವರು. ಹೆಲ್ಪರಿನ ಕೆಲಸಕ್ಕೆ ಹೆಸರಿರುವುದಿಲ್ಲ. ಮುನಿನಾರಾಯಣಪ್ಪ ಒಂದು ಹೆಜ್ಜೆ ಮುಂದೆ ಹೋದರು.

"ಎನ್ ವೇಲೈ ಸಾರ್" ಎಂದರು. ನನ್ನ ಕೆಲಸ ಸಾರ್.

ಫೋರ್‌ಮನ್ ಅವರನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯದು. ತಲೆ ಅಲ್ಲಾಡಿಸಿ, "ನಲ್ಲಾ ಇರುಕ್ಕು" ಎಂದರು. ಚೆನ್ನಾಗಿದೆ ಎಂದರು. ಆಮೇಲೆ ಕೋಲನ್ನು ವ್ಯಾನಿಗೆ ಒರಗಿಸಿ, ಬಾಗಿಲ ಹಿಡಿ ಹಿಡಿದು ಒಳಗೆ ಹತ್ತಿದರು.

ಆ ಸಂಜೆ ಸಾಮಾನೆಲ್ಲ ಕಟ್ಟಿದ ಮೇಲೆ ಮುನಿನಾರಾಯಣಪ್ಪ ನನ್ನ ಹತ್ತಿರ ಬಂದರು. ಐದು ವರ್ಷದಿಂದಲೂ ಅವರು ವ್ಯಾನಿನ ಹಿಂಭಾಗದಲ್ಲಿ ಜನರೇಟರಿನ ಪಕ್ಕದಲ್ಲೇ ಕೂತು ಬರುತ್ತಿದ್ದವರು. ಎಷ್ಟು ಹೇಳಿದರೂ, "ಎಲ್ಪರ್ ಜಾಗ ಇಂದ್ಗಡೆ" ಎಂದು ಮುಂದೆ ಬರುತ್ತಿರಲಿಲ್ಲ.

"ಇವತ್ತು ನಾನು ಮುಂದ್ಗಡೆ ಕೂತ್ಕಂತೀನಿ ಸಿಸ್ಟರಮ್ಮ" ಎಂದರು.

ವೆಂಕಟೇಶಪ್ಪ ಇಳಿದು ಬಂದು ತಾನೇ ಬಾಗಿಲು ತೆರೆದ.